ಚದರಡಿ ಲೆಕ್ಕ ಕೇಳಿ, ಆಮೇಲೆ ಸಹಿ ಹಾಕಿ

ಬೆಂಗಳೂರಲ್ಲಿ ಮನೆ ಹುಡುಕೋರು ನನ್ನನ್ನು ಕೇಳೋದು ಒಂದೇ ಪ್ರಶ್ನೆ: 'ಸಾರ್, ರೇಟು ಇಳಿಯುತ್ತಾ? ಈಗ್ಲೇ ತಗೊಳ್ಳೋದಾ, ಕಾಯೋದಾ?' ನಾನೇನು ಜ್ಯೋತಿಷಿ ಅಲ್ಲ. ನಾಳೆಯ ರೇಟು ಹೇಳಲಾರೆ. ಆದರೆ ಇವತ್ತು ನಿಮಗೆ ಹೇಳ್ತಿರೋ ರೇಟು ಪೂರ್ತಿ ರೇಟು ಅಲ್ಲ ಅನ್ನೋದನ್ನ ಲೆಕ್ಕ ಹಾಕಿ ತೋರಿಸಬಲ್ಲೆ.

ಸರ್ಜಾಪುರ ರಸ್ತೆಯಲ್ಲೋ, ವೈಟ್‌ಫೀಲ್ಡ್‌ನಲ್ಲೋ ಕಟ್ಟುತ್ತಿರುವ ಒಂದು ಫ್ಲ್ಯಾಟ್ ಅಂದುಕೊಳ್ಳಿ. 1,200 ಚದರಡಿ, ಅಡಿಗೆ 8,000 ರೂಪಾಯಿ. ಒಟ್ಟು 96 ಲಕ್ಷ. ಜಾಹೀರಾತಿನ ಈ 1,200 ಅನ್ನೋದು 'ಸೂಪರ್ ಬಿಲ್ಟ್-ಅಪ್' ಏರಿಯಾ. ಹೊರಗೋಡೆ, ಲಿಫ್ಟು, ಮೆಟ್ಟಿಲು, ಲಾಬಿ, ಎಲ್ಲದರಲ್ಲೂ ನಿಮ್ಮ ಪಾಲು ಅದರೊಳಗೇ ಸೇರಿರುತ್ತೆ. ನೀವು ಮಂಚ ಹಾಕೋಕೆ, ಒಲೆ ಇಡೋಕೆ ಸಿಗೋ ಜಾಗವೇ ಕಾರ್ಪೆಟ್ ಏರಿಯಾ. ಅದು 840 ಚದರಡಿ ಅಂತಿಟ್ಟುಕೊಳ್ಳಿ. ಆಗ ನೀವು ಅಡಿಗೆ ಕೊಡ್ತಿರೋದು 8,000 ಅಲ್ಲ, 11,428 ರೂಪಾಯಿ! ಪಕ್ಕದ ಬಿಲ್ಡರ್ 8,500 ಹೇಳಿದರೂ ಕಾರ್ಪೆಟ್ ಏರಿಯಾ ಜಾಸ್ತಿ ಇದ್ದರೆ ಅವನ ಮನೆಯೇ ಅಗ್ಗ ಆಗಬಹುದು.

ಈ ಗೊಂದಲ ತಪ್ಪಿಸೋಕೇ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದರೇನು ಅಂತ ಸ್ಪಷ್ಟವಾಗಿ ಬರೆದಿಟ್ಟಿದೆ. ಬಿಲ್ಡರ್ ಆ ಅಳತೆಯನ್ನು ಪ್ರಾಧಿಕಾರಕ್ಕೆ ಕೊಡಲೇಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ನೋಡಿ.

ಇನ್ನು ಬೆಲೆಯ ಮೇಲಿನ ಬೆಲೆ. ಕಟ್ಟುತ್ತಿರುವ ಇಂಥ ಮನೆಗೆ ಜಿಎಸ್‌ಟಿ ಶೇ. 5, ಅಂದರೆ 4.80 ಲಕ್ಷ. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಈ ತೆರಿಗೆ ಇಲ್ಲ. ಮುದ್ರಾಂಕ ಶುಲ್ಕ ಶೇ. 5, ಮತ್ತೆ 4.80 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ, ಅದು 1.92 ಲಕ್ಷ. ಸೆಸ್ಸು, ಸರ್‌ಚಾರ್ಜು ಬೇರೆ. 96 ಲಕ್ಷದ ಮನೆ 1 ಕೋಟಿ 7 ಲಕ್ಷ ದಾಟಿತು.

ಬ್ಯಾಂಕು ಕೊಡಲ್ವಾ ಅಂತೀರಾ? ಪೂರ್ತಿ ಕೊಡಲ್ಲ. ರಿಸರ್ವ್ ಬ್ಯಾಂಕ್ ಮಿತಿಯ ಪ್ರಕಾರ ಇಷ್ಟು ಬೆಲೆಯ ಮನೆಗೆ ಹೆಚ್ಚೆಂದರೆ 75 ಲಕ್ಷ ಸಾಲ. ಮುದ್ರಾಂಕ, ನೋಂದಣಿಯ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಅಲ್ಲಿಗೆ ಕೈಯಿಂದಲೇ ಹಾಕಬೇಕಾದ್ದು 32 ಲಕ್ಷಕ್ಕೂ ಹೆಚ್ಚು. ಎಷ್ಟೋ ಜನ ಇದನ್ನ ತಿಳಿಯೋದು ಅಡ್ವಾನ್ಸ್ ಕೊಟ್ಟ ಮೇಲೆ. ಆಮೇಲೆ ಊರಿನ ಜಮೀನು, ಹೆಂಡತಿಯ ಒಡವೆ, ಪಿಎಫ್ ದುಡ್ಡು ಒಂದೊಂದೇ ಕರಗುತ್ತೆ.

'ಹಬ್ಬದ ಆಫರ್, ಇವತ್ತೇ ಕೊನೆ' ಅಂತ ಅವಸರ ಮಾಡ್ತಾರಾ? ಒಂದು ಮಾತು ನೆನಪಿಡಿ. ನೋಂದಾಯಿತ ಕರಾರು ಆಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ದುಡ್ಡು ತಗೊಳ್ಳೋ ಹಾಗಿಲ್ಲ ಅಂತ ರೇರಾ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ದುಡ್ಡು ವಾಪಸ್ ಕೇಳೋ ಹಕ್ಕು 18ನೇ ಸೆಕ್ಷನ್‌ನಲ್ಲಿದೆ.

ಹಾಗಾಗಿ ಮಾಡೆಲ್ ಫ್ಲ್ಯಾಟಿನ ಸೋಫಾ, ಪರದೆ ನೋಡಿ ಮರುಳಾಗಬೇಡಿ. ಮೂರೇ ಪ್ರಶ್ನೆ ಕೇಳಿ: ಕಾರ್ಪೆಟ್ ಏರಿಯಾ ಎಷ್ಟು? ಎಲ್ಲಾ ಸೇರಿ ಒಟ್ಟು ಎಷ್ಟು? ಇ-ಖಾತಾ, ನಕ್ಷೆ ಮಂಜೂರಾತಿ ಎಲ್ಲಿದೆ? ಉತ್ತರವನ್ನ ಬರವಣಿಗೆಯಲ್ಲಿ ಪಡೀರಿ. ಬಾಯಿಮಾತಲ್ಲಿ ಹೇಳ್ತೀನಿ ಅನ್ನೋರ ಹತ್ತಿರ ಮನೆ ಕೊಳ್ಳಬೇಡಿ. ಇಪ್ಪತ್ತು ವರ್ಷ ಕಂತು ಕಟ್ಟೋರು ನೀವು, ಅವರಲ್ಲ.