ಪದಕದ ಹಿಂಬದಿ

ಯುದ್ಧಪದಕವನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಅದರ ಮುಖವನ್ನು ನೋಡುತ್ತಾರೆ. ನನ್ನಂಥವನ ಕಣ್ಣು ಮೊದಲು ಹೋಗುವುದು ಹಿಂಬದಿಗೆ ಮತ್ತು ಅಂಚಿಗೆ. ಬ್ರಿಟಿಷರ ಪದಕಗಳಲ್ಲಿ ಬಹುಪಾಲಿನವುಗಳ ಅಂಚಿನ ಮೇಲೆ ಪಡೆದವನ ಹೆಸರಿರುತ್ತದೆ; ಮೇಲಿನ ಅಡ್ಡಪಟ್ಟಿಗಳು ಅವನಿದ್ದ ಕಾಳಗಗಳನ್ನು ಹೇಳುತ್ತವೆ. ವಿಕ್ಟೋರಿಯಾ ಕ್ರಾಸ್ ಎಂಬ ಕಂಚಿನ ಶಿಲುಬೆಯ ಹಿಂಬದಿಯಲ್ಲಾದರೋ ಸಾಹಸ ನಡೆದ ದಿನಾಂಕವನ್ನೇ ಕೊರೆದಿರುತ್ತಾರೆ. 1918ರವರೆಗೆ ಅದರ ರಿಬ್ಬನ್ನು ಭೂಸೇನೆಯವರಿಗೆ ಕೆಂಪು, ನೌಕಾಪಡೆಯವರಿಗೆ ನೀಲಿ.

ಈ ನೀಲಿ ರಿಬ್ಬನ್ನಿನ ಜಾಡು ಹಿಡಿದು ಹೊರಟಾಗಲೇ ಎಡ್ವರ್ಡ್ ಸೇಂಟ್ ಜಾನ್ ಡೇನಿಯಲ್ ಎಂಬವನ ಕಥೆ ನನಗೆ ದೊರೆತದ್ದು. 1837ರಲ್ಲಿ ಬ್ರಿಸ್ಟಲ್ ಪಟ್ಟಣದ ಕ್ಲಿಫ್ಟನ್ನಿನಲ್ಲಿ ಹುಟ್ಟಿದವನು. ಕ್ರಿಮಿಯಾ ಯುದ್ಧದಲ್ಲಿ ಕ್ಯಾಪ್ಟನ್ ವಿಲಿಯಂ ಪೀಲನ ಬಳಿ ಕಿರಿಯ ಅಧಿಕಾರಿಯಾಗಿದ್ದ. 1854ರ ಅಕ್ಟೋಬರ್ 18ರಂದು ಸೆವಾಸ್ತೊಪೋಲಿನ ಮುಂದೆ, ಗುಂಡಿನ ಮಳೆಯ ನಡುವೆ ನಿಂತುಹೋದ ಬಂಡಿಯಿಂದ ಮದ್ದನ್ನು ಹೊತ್ತು ತರಲು ತಾನಾಗಿ ಮುಂದೆ ಬಂದ. ಆಗ ಅವನಿಗೆ ಹದಿನೇಳು ವರ್ಷ. ಇಂಕರ್‌ಮನ್ ಕಾಳಗದಲ್ಲಿ ಪೀಲನ ಬೆನ್ನಿಗಿದ್ದ. 1855ರ ಜೂನ್ 18ರಂದು ರೆಡಾನ್ ಕೋಟೆಯ ಮುತ್ತಿಗೆಯಲ್ಲಿ ಪೀಲನ ತೋಳಿಗೆ ಪೆಟ್ಟು ಬಿದ್ದಾಗ, ಶತ್ರುವಿನ ಗುಂಡುಗಳೆದುರಿನಲ್ಲಿಯೇ ಕಟ್ಟು ಕಟ್ಟಿ ರಕ್ತವನ್ನು ತಡೆದ. 1857ರ ಫೆಬ್ರವರಿಯಲ್ಲಿ ಪ್ರಕಟವಾದ ಮೊತ್ತಮೊದಲ ವಿಕ್ಟೋರಿಯಾ ಕ್ರಾಸ್ ಪಟ್ಟಿಯಲ್ಲಿ ಗುರುಶಿಷ್ಯರಿಬ್ಬರ ಹೆಸರೂ ಇವೆ.

ಮುಂದಿನ ಹೆಜ್ಜೆ ನಮ್ಮ ನಾಡಿನಲ್ಲಿಯೇ. ಪೀಲನ ‘ಶ್ಯಾನನ್’ ಹಡಗು 1857ರಲ್ಲಿ ಕಲ್ಕತ್ತೆಗೆ ಬಂದಿತು. ಅದರ ನಾವಿಕರು ಭಾರಿ ಫಿರಂಗಿಗಳನ್ನು ಲಖನೌದವರೆಗೆ ಎಳೆದೊಯ್ದರು. ಡೇನಿಯಲ್ ಅವರೊಡನಿದ್ದ. ಆ ಯುದ್ಧದ ಬೆಳ್ಳಿಯ ಪದಕದ ಮೇಲೆ ‘ಇಂಡಿಯಾ’ ಎಂದು ಬರೆದಿದೆ. ಯಾರ ಮೇಲಿನ ವಿಜಯ ಅದು ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1858ರ ಏಪ್ರಿಲಿನಲ್ಲಿ ಪೀಲ್ ಕಾನ್ಪುರದಲ್ಲಿ ಸಿಡುಬಿನಿಂದ ತೀರಿಕೊಂಡ. ಆ ನೆರಳು ಸರಿದುಹೋದದ್ದೇ ಶಿಷ್ಯನ ಪತನಕ್ಕೆ ಮೊದಲಾಯಿತೆಂದು ನನ್ನ ಊಹೆ.

ಪದಕಗಳು ಇಲ್ಲಿಗೆ ಬಾಯಿ ಮುಚ್ಚುತ್ತವೆ. ನಮ್ಮ ವೀರಗಲ್ಲಿನ ವೀರ ಕಾಳಗದಲ್ಲಿಯೇ ಮಡಿದವನು. ಕಲ್ಲು ಹೇಳಿದ ಮೇಲೆ ಅವನ ಬಗೆಗೆ ಹೇಳಲು ಏನೂ ಉಳಿಯದು. ಪದಕದ ವೀರನಿಗೆ ಮರುದಿನದ ಬಾಳೂ ಇದೆ. ಅದನ್ನರಿಯಲು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಕಡತಗಳನ್ನೇ ಮೊರೆಹೊಗಬೇಕು: ಅಧಿಕಾರಿಗಳ ಸೇವಾ ದಾಖಲೆ, ನೌಕಾ ಇಲಾಖೆಯ ಪತ್ರವ್ಯವಹಾರ. 1860ರಲ್ಲಿ ಕರ್ತವ್ಯಲೋಪಕ್ಕಾಗಿ ಸೈನಿಕ ನ್ಯಾಯಾಲಯ. ಮರುವರ್ಷ ಮೆಡಿಟರೇನಿಯನ್ ಸಮುದ್ರದಲ್ಲಿದ್ದ ‘ವಿಕ್ಟರ್ ಇಮ್ಯಾನುಯೆಲ್’ ಹಡಗಿನಲ್ಲಿ, ತನ್ನ ಕೈಕೆಳಗಿನವರೊಡನೆ ಅಸಭ್ಯವಾಗಿ ವರ್ತಿಸಿದನೆಂಬ ಆರೋಪ. ವಿಚಾರಣೆಗೆ ಮೊದಲೇ ಅವನು ಪಲಾಯನ ಮಾಡಿದ.

1856ರ ರಾಜಶಾಸನದಲ್ಲಿ ಒಂದು ನಿಯಮವಿತ್ತು. ದ್ರೋಹ, ಹೇಡಿತನ, ಘೋರಾಪರಾಧಗಳನ್ನು ಎಸಗಿದವನ ಹೆಸರನ್ನಷ್ಟೇ ಅಲ್ಲ, ಅಂಥ ಆರೋಪಕ್ಕೊಳಗಾಗಿ ವಿಚಾರಣೆಗೆ ಒಪ್ಪಿಸಿಕೊಳ್ಳದವನ ಹೆಸರನ್ನೂ ಅಳಿಸಬಹುದು. 1861ರ ಸೆಪ್ಟೆಂಬರ್ 4ರಂದು ಡೇನಿಯಲ್ಲನ ಹೆಸರನ್ನು ಹೀಗೆ ಅಳಿಸಲಾಯಿತು. ಆರೋಪ ನಿಜವೋ ಸುಳ್ಳೋ ಯಾವ ನ್ಯಾಯಾಲಯವೂ ತೀರ್ಮಾನಿಸಲಿಲ್ಲ. ರೆಡಾನಿನ ಕಟ್ಟು ಮಾತ್ರ ಆರೋಪವಲ್ಲ, ನಡೆದ ಸಂಗತಿ. ಅದನ್ನು ಅಳಿಸುವ ಅಧಿಕಾರ ಯಾವ ರಾಣಿಗಿದೆ? 1908ರವರೆಗೆ ಎಂಟು ಮಂದಿ ಹೀಗೆ ಕ್ರಾಸನ್ನು ಕಳೆದುಕೊಂಡರು, ಅಧಿಕಾರಿಯೆಂದರೆ ಇವನೊಬ್ಬನೇ. 1920ರಲ್ಲಿ ದೊರೆ ಐದನೆಯ ಜಾರ್ಜ್ ಈ ಪದ್ಧತಿಯನ್ನು ವಿರೋಧಿಸಿ, ಕೊಲೆಗಾಗಿ ಗಲ್ಲಿಗೇರುವವನೂ ಕ್ರಾಸನ್ನು ಧರಿಸಿಯೇ ಏರಲೆಂಬ ಅಭಿಪ್ರಾಯವನ್ನು ತನ್ನ ಕಾರ್ಯದರ್ಶಿಯ ಮೂಲಕ ತಿಳಿಸಿದ. ಆಮೇಲೆ ಯಾರ ಹೆಸರನ್ನೂ ಅಳಿಸಲಿಲ್ಲ.

ಡೇನಿಯಲ್ಲನಿಗೆ ಅದರಿಂದ ಏನಾಗಬೇಕಿತ್ತು? ಅವನು ಆಸ್ಟ್ರೇಲಿಯಕ್ಕೆ ಓಡಿ, 1864ರಲ್ಲಿ ನ್ಯೂಜಿಲೆಂಡಿನ ತಾರನಾಕಿ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದ್ದ, ಅದೂ ತನ್ನ ಸ್ವಂತ ಹೆಸರಿನಲ್ಲಿ. 1868ರಲ್ಲಿ ಹೊಕಿಟಿಕಾ ಊರಿನಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂದು ವರ್ಷ. ನ್ಯೂಜಿಲೆಂಡ್ ಯುದ್ಧದ ಪದಕವನ್ನು ಸರ್ಕಾರ ಸ್ಥಾಪಿಸಿದ್ದು ಅದರ ಮರುವರ್ಷ.