ಸಂವಾದಾತ್ಮಕ ಕಥೆಗಳ ರಚನೆ ಮತ್ತು ಪ್ರಕಟಣೆ: ಸಾರ್ವಜನಿಕರ ಮಾಹಿತಿಗಾಗಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ನಾಗರಿಕರು ತಮ್ಮ ಕಥೆಗಳನ್ನು ಸ್ವತಃ ರಚಿಸಿ ಅಂತರ್ಜಾಲದಲ್ಲಿ ಉಚಿತವಾಗಿ ಪ್ರಕಟಿಸಬಹುದಾಗಿದೆ. ಇದಕ್ಕೆ ಯಾವುದೇ ಕಚೇರಿಗೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಆದರೆ ಪ್ರಕಟಿಸುವ ಮುನ್ನ ಹಕ್ಕುಗಳ ವಿಷಯವನ್ನು ತಿಳಿದಿರತಕ್ಕದ್ದು.

ಕಥೆ ಮುಂದೆ ಹೇಗೆ ಸಾಗಬೇಕೆಂಬುದನ್ನು ಓದುಗರೇ ಆರಿಸಿಕೊಳ್ಳುವ ಕಥೆಗೆ ಸಂವಾದಾತ್ಮಕ ಕಥೆ ಎನ್ನುತ್ತಾರೆ. ಉದಾಹರಣೆಗೆ, ಒಬ್ಬ ಬಾಲಕಿ ವಾಡಿ ಜಂಕ್ಷನ್ನಿನಲ್ಲಿ ನಿಂತಿದ್ದಾಳೆ. ಒಂದು ಮಾರ್ಗವು ಶಹಾಬಾದ, ಕಲಬುರಗಿ ಮೂಲಕ ಸೊಲ್ಲಾಪುರಕ್ಕೆ, ಇನ್ನೊಂದು ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ, ಮತ್ತೊಂದು ಯಾದಗಿರಿ, ರಾಯಚೂರು ಮೂಲಕ ಗುಂತಕಲ್ಲಿಗೆ ಹೋಗುತ್ತದೆ. ಚಿಂಚೋಳಿಗೆ ರೈಲುಮಾರ್ಗವಿಲ್ಲದ ಕಾರಣ ಅಲ್ಲಿಗೆ ಹೋಗಬೇಕಾದವಳು ಸೇಡಂನಲ್ಲಿ ಇಳಿದು ಬಸ್ಸು ಹತ್ತಬೇಕು. ಓದುಗರು ಯಾವ ಮಾರ್ಗವನ್ನು ಒತ್ತುವರೋ ಆ ಪುಟ ತೆರೆಯುತ್ತದೆ.

ಪುಟಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳಿತು. ಪ್ರತಿ ಹಂತದಲ್ಲಿ ಎರಡೇ ಆಯ್ಕೆಗಳನ್ನಿಟ್ಟರೂ ಮೂರು ಹಂತಗಳಿಗೆ 15 ಪುಟಗಳು, ಐದು ಹಂತಗಳಿಗೆ 63 ಪುಟಗಳು ಬೇಕಾಗುತ್ತವೆ. ಅದರಲ್ಲಿ ಓದುಗರು ಒಮ್ಮೆಗೆ ಓದುವುದು 6 ಪುಟಗಳನ್ನು ಮಾತ್ರ. ಆದುದರಿಂದ ಕವಲುಗಳನ್ನು ನಡುವೆ ಮತ್ತೆ ಕೂಡಿಸುವುದು ಲಾಭಕರ.

ಕವಲುಕಥೆಗಳಿಗಾಗಿ ಕ್ರಿಸ್ ಕ್ಲಿಮಾಸ್ ಅವರು 2009ರಲ್ಲಿ ಹೊರತಂದ ಟ್ವೈನ್ ಎಂಬ ಉಚಿತ ತಂತ್ರಾಂಶವಿದೆ. ಇದನ್ನು ಬ್ರೌಸರಿನಲ್ಲಿ ಬಳಸಿದಾಗ ಕಥೆಯು ಆ ಗಣಕಯಂತ್ರದ ಬ್ರೌಸರಿನಲ್ಲಿಯೇ ಉಳಿಯುತ್ತದೆ. ಸೈಬರ್ ಕೇಂದ್ರದವರು ಬ್ರೌಸರಿನ ದತ್ತಾಂಶವನ್ನು ಅಳಿಸಿದಲ್ಲಿ ಕಥೆಯೂ ಅಳಿಯುತ್ತದೆ. ಪ್ರತಿದಿನ ಕೆಲಸ ಮುಗಿದೊಡನೆ ಕಡತವನ್ನು ಪೆನ್‌ಡ್ರೈವಿಗೆ ಉಳಿಸಿಕೊಳ್ಳತಕ್ಕದ್ದು. ಈ ಕಡತವನ್ನು ಯಾವುದೇ ಜಾಲತಾಣಕ್ಕೆ ಏರಿಸಬಹುದು. ಬರೆದುಕೊಡದ ಹೊರತು ಕೃತಿಸ್ವಾಮ್ಯವು ಲೇಖಕರಲ್ಲಿಯೇ ಇರುತ್ತದೆ.

ಮಕ್ಕಳ ಚಿತ್ರಕಥೆಗಳಿಗಾಗಿ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರ ಸೆಪ್ಟೆಂಬರ್ 8ರಂದು ಸ್ಟೋರಿವೀವರ್ ತಾಣವನ್ನು ಆರಂಭಿಸಿತು. ಇಲ್ಲಿ ಕವಲುಗಳ ಅನುಕೂಲವಿಲ್ಲ. ಆದರೆ ಸಿದ್ಧ ಚಿತ್ರಗಳನ್ನು ಆರಿಸಿಕೊಂಡು ಕನ್ನಡದಲ್ಲಿ ಬರೆಯಬಹುದು, ಅನುವಾದಿಸಬಹುದು. ಇಲ್ಲಿ ಪ್ರಕಟವಾದ ಕಥೆಯು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಡುತ್ತದೆ. ಲೇಖಕರ ಹೆಸರನ್ನು ನಮೂದಿಸಿ ಯಾರು ಬೇಕಾದರೂ ಅದನ್ನು ಮುದ್ರಿಸಬಹುದು, ಬದಲಾಯಿಸಬಹುದು, ಮಾರಾಟವನ್ನೂ ಮಾಡಬಹುದು. ಲೇಖಕರಿಗೆ ಹಣ ಸಲ್ಲುವುದಿಲ್ಲ. ಒಮ್ಮೆ ನೀಡಿದ ಈ ಅನುಮತಿಯನ್ನು ಹಿಂಪಡೆಯಲು ಬರುವುದಿಲ್ಲ. ಕಥೆಯು ಹೆಚ್ಚು ಮಕ್ಕಳನ್ನು ತಲುಪಲಿ ಎನ್ನುವವರಿಗೆ ಇದು ಯೋಗ್ಯ. ಮುಂದೆ ಪುಸ್ತಕವಾಗಿ ಮಾರುವ ಉದ್ದೇಶವುಳ್ಳವರು ಮೊದಲೇ ಯೋಚಿಸಬೇಕು.

ತಾಂಡಾದ ಹಿರಿಯರಿಂದ ಕೇಳಿದ ಲಂಬಾಣಿ ಕಥೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು. ಅಂತಹ ಸಂದರ್ಭದಲ್ಲಿ ಮೇಲಿನ ನಿಬಂಧನೆಯನ್ನು ಅವರಿಗೆ ವಿವರಿಸಿ ಒಪ್ಪಿಗೆ ಪಡೆಯುವುದು ಸೂಕ್ತ.

ಬೆರಳಚ್ಚು ಯೂನಿಕೋಡ್‌ನಲ್ಲಿಯೇ ಇರಲಿ. ಹಳೆಯ ಫಾಂಟುಗಳಲ್ಲಿ ಬರೆದುದು ಜಾಲತಾಣದಲ್ಲಿ ಓದಲಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.