ರೋಮ್ ಮತ್ತು ಹಾನ್ ಚೀನಾ: ಚಕ್ರವರ್ತಿಗೂ ಹಳ್ಳಿಗೂ ನಡುವೆ ಯಾರಿದ್ದರು?

ಇವತ್ತು ಮಾತಾಡೋದು ಸುಮಾರು ಎರಡು ಸಾವಿರ ವರ್ಷ ಹಿಂದಿನ ಎರಡು ಸಾಮ್ರಾಜ್ಯಗಳ ಬಗ್ಗೆ. ಪಶ್ಚಿಮದಲ್ಲಿ ರೋಮ್, ಪೂರ್ವದಲ್ಲಿ ಹಾನ್ ವಂಶದ ಚೀನಾ. ಎರಡರಲ್ಲೂ ಅಂದಾಜು ಐದಾರು ಕೋಟಿ ಜನ. 2011ರ ಜನಗಣತಿಯಲ್ಲಿ ನಮ್ಮ ಕರ್ನಾಟಕದ ಜನ ಆರು ಕೋಟಿ ಚಿಲ್ಲರೆ, ಹೆಚ್ಚುಕಡಿಮೆ ಅಷ್ಟೇ. ಆದ್ರೆ ಅವರು ಹರಡಿಕೊಂಡಿದ್ದ ಜಾಗ ಕರ್ನಾಟಕದ ಇಪ್ಪತ್ತು ಪಟ್ಟಿಗೂ ಹೆಚ್ಚು. ಫೋನಿಲ್ಲ, ರೈಲಿಲ್ಲ. ಇಷ್ಟು ಜನರಿಂದ ತೆರಿಗೆ ಎತ್ತಿ, ಸೈನ್ಯ ಸಾಕಿ, ರಸ್ತೆ ಹಾಕಿಸಿದ್ದು ಹೇಗೆ? ನಾನು ಓದಿದ್ದು ಎಂಟೆಕ್, ಹೊಟ್ಟೆಪಾಡು ಸಾಫ್ಟ್‌ವೇರ್. ಯುದ್ಧದ ಕಥೆಗಿಂತ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು.

ಮೊದಲು ರೋಮ್ ನೋಡೋಣ. ರೋಮಿನವರ ದಾರಿಯನ್ನು ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಔಟ್‌ಸೋರ್ಸಿಂಗ್. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ರೋಮಿನಿಂದ ಹೋಗುತ್ತಿದ್ದ ಹಿರಿಯ ಅಧಿಕಾರಿಗಳು ಕೆಲವೇ ನೂರು ಮಂದಿ. ದಿನನಿತ್ಯದ ಆಡಳಿತ ನಡೆಸುತ್ತಿದ್ದದ್ದು ಆಯಾ ಊರಿನ ನಗರಸಭೆ. ಆಸ್ತಿವಂತರಿಗೆ ಮಾತ್ರ ಅಲ್ಲಿ ಜಾಗ. ಅವರಿಗೆ ಸಂಬಳ ಇಲ್ಲ. ತೆರಿಗೆ ಎತ್ತಿ ಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಿಸಬೇಕು. ಸ್ನಾನಗೃಹ, ಕಾಲುವೆ, ಆಟದ ಮೈದಾನಗಳಿಗೂ ಎಷ್ಟೋ ಸಲ ಅವರದೇ ದುಡ್ಡು. ಬದಲಿಗೆ ಸಿಗುತ್ತಿದ್ದದ್ದು ಊರಲ್ಲಿ ಮರ್ಯಾದೆ, ಕಲ್ಲಿನ ಮೇಲೆ ಹೆಸರು.

ಈ ವ್ಯವಸ್ಥೆ ಎಷ್ಟು ತೆಳುವಾಗಿತ್ತು ಅನ್ನೋದಕ್ಕೆ ಒಂದು ಉದಾಹರಣೆ. ಸುಮಾರು ಕ್ರಿ.ಶ. 110ರಲ್ಲಿ ಪ್ಲಿನಿ ಅನ್ನೋರು ಈಗಿನ ಟರ್ಕಿಯಲ್ಲಿರುವ ಬಿಥಿನಿಯಾ ಪ್ರಾಂತ್ಯಕ್ಕೆ ಗವರ್ನರ್ ಆಗಿ ಹೋದರು. ಅವರಿಗೂ ಚಕ್ರವರ್ತಿ ಟ್ರಾಜನ್‌ಗೂ ನಡೆದ ಪತ್ರವ್ಯವಹಾರ ಇವತ್ತಿಗೂ ಉಳಿದಿದೆ. ಅಲ್ಲಿನ ನಿಕೊಮೀಡಿಯಾ ಅನ್ನೋ ಊರು ನೀರಿನ ಕಾಲುವೆಗೆ 33,18,000 ನಾಣ್ಯ ಸುರಿದು, ಕೆಲಸ ಅರ್ಧಕ್ಕೇ ಬಿಟ್ಟಿತ್ತು. ಲೆಕ್ಕ ತಪಾಸಣೆಗೆ ಒಬ್ಬ ಸರ್ವೇಯರ್ ಕಳಿಸಿ ಅಂತ ಪ್ಲಿನಿ ಕೇಳಿದರೆ, ರೋಮಿನ ಕೆಲಸಕ್ಕೇ ಜನ ಸಾಲದು ಅಂತ ಟ್ರಾಜನ್ ಉತ್ತರ. ಅದೇ ಊರಲ್ಲಿ ದೊಡ್ಡ ಬೆಂಕಿ ಬಿದ್ದ ಮೇಲೆ 150 ಜನರ ಅಗ್ನಿಶಾಮಕ ದಳಕ್ಕೆ ಅನುಮತಿ ಕೇಳಿದರು. ಅದಕ್ಕೂ ಇಲ್ಲ. ಜನ ಯಾವ ಹೆಸರಲ್ಲಿ ಸಂಘ ಕಟ್ಟಿಕೊಂಡರೂ ಅದು ಕೊನೆಗೆ ರಾಜಕೀಯ ಗುಂಪಾಗುತ್ತೆ ಅನ್ನೋ ಭಯ ಚಕ್ರವರ್ತಿಗೆ.

ಈಗ ಚೀನಾ. ಅಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಕ್ರಿ.ಪೂ. 206ರ ಹೊತ್ತಿಗೆ ಕ್ವಿನ್ ವಂಶದ ರಾಜಧಾನಿ ಬಿದ್ದಾಗ, ಗೆದ್ದ ಸೈನ್ಯದವರೆಲ್ಲ ಚಿನ್ನ-ರೇಷ್ಮೆ ದೋಚೋಕೆ ಓಡಿದರಂತೆ. ಶಿಯಾವ್ ಹೆ ಅನ್ನೋ ಒಬ್ಬ ಅಧಿಕಾರಿ ಮಾತ್ರ ಸೀದಾ ಕಚೇರಿಗೆ ಹೋಗಿ ಕಾನೂನಿನ ಕಡತ, ನಕ್ಷೆ, ಮನೆಗಣತಿ ಪುಸ್ತಕಗಳನ್ನು ಎತ್ತಿಟ್ಟುಕೊಂಡರು. ಎಲ್ಲಿ ಎಷ್ಟು ಜನ, ಯಾವ ಕಣಿವೆ ಆಯಕಟ್ಟಿನದು ಅಂತ ಹಾನ್ ವಂಶಕ್ಕೆ ಗೊತ್ತಾಗಿದ್ದು ಹೀಗೆ. ಡೇಟಾದ ಬೆಲೆ ಆಗಲೇ ತಿಳಿದವರು ಇದ್ದರು ನೋಡಿ.

ಮುಂದೆ ಹಾನ್ ಆಡಳಿತ ನಿಂತಿದ್ದೇ ಈ ಪಟ್ಟಿಯ ಮೇಲೆ. ವರ್ಷಾವರ್ಷ ಮನೆ ಮನೆಯ ಹೆಸರು ಬರೆದುಕೊಳ್ಳೋರು. ವಯಸ್ಕರಿಗೆ ತಲೆಗೆ 120 ಕಾಸು ತೆರಿಗೆ, ಗಂಡಸರಿಗೆ ವರ್ಷಕ್ಕೆ ಒಂದು ತಿಂಗಳು ಬಿಟ್ಟಿ ದುಡಿಮೆ. ಕ್ರಿ.ಶ. 2ರ ಲೆಕ್ಕದಲ್ಲಿ ಒಟ್ಟು 5,95,94,978 ಜನ. 1993ರಲ್ಲಿ ಯಿನ್‌ವಾನ್ ಅನ್ನೋ ಕಡೆ ಒಬ್ಬ ಹಾನ್ ಅಧಿಕಾರಿಯ ಸಮಾಧಿಯಲ್ಲಿ ಮರದ ಪಟ್ಟಿಗಳ ಮೇಲೆ ಬರೆದ ಸರ್ಕಾರಿ ವರದಿಗಳು ಸಿಕ್ಕವು. ಅದರ ಪ್ರಕಾರ ಡಾಂಗ್‌ಹಾಯ್ ಅನ್ನೋ ಒಂದೇ ಜಿಲ್ಲೆಯಲ್ಲಿ 13,97,343 ಜನ, 2,203 ಸರ್ಕಾರಿ ನೌಕರರು. ಅಂದ್ರೆ ಸುಮಾರು 630 ಜನಕ್ಕೆ ಒಬ್ಬರು.

ಸ್ವಂತ ಊರಿನವರನ್ನು ಅಲ್ಲಿಯೇ ದೊಡ್ಡ ಅಧಿಕಾರಿಯಾಗಿ ಹಾಕ್ತಿರಲಿಲ್ಲ. ಅವರ ಮೇಲೆ ಕಣ್ಣಿಡೋಕೆ ಕ್ರಿ.ಪೂ. 106ರಿಂದ 13 ವಲಯಗಳಿಗೆ ತನಿಖಾಧಿಕಾರಿಗಳು. ಸ್ವಾರಸ್ಯ ಏನಂದ್ರೆ, ಜಿಲ್ಲಾಧಿಕಾರಿಯ ದರ್ಜೆ 2,000 ಅಳತೆ ಧಾನ್ಯದ್ದು, ಅವರನ್ನು ಪರೀಕ್ಷಿಸುವವರ ದರ್ಜೆ ಬರೀ 600. ಕೆಳಗಿನವರು ಮೇಲಿನವರನ್ನು ಆಡಿಟ್ ಮಾಡಬೇಕು! ಅವರ ಕೆಲಸದ ಪಟ್ಟಿಯಲ್ಲಿ ಮೊದಲನೆಯದು, ದೊಡ್ಡ ಮನೆತನಗಳು ಮಿತಿ ಮೀರಿ ಜಮೀನು ಮಾಡಿಕೊಂಡಿವೆಯಾ ಅಂತ ನೋಡೋದು.

ಹಾಗಾದ್ರೆ ಚೀನಾದ ದಾರಿಯೇ ಸರಿ ಅಂತೀರಾ? ಸ್ವಲ್ಪ ತಡೀರಿ. ಕ್ರಿ.ಶ. 57ರಲ್ಲಿ ಅದೇ ಪಟ್ಟಿಯಲ್ಲಿ ಉಳಿದಿದ್ದು 2 ಕೋಟಿ 10 ಲಕ್ಷ ಜನ. ನಡುವೆ ಪ್ರವಾಹ, ಬರ, ಅಂತರ್ಯುದ್ಧ ಎಲ್ಲ ಆಗಿತ್ತು, ನಿಜ. ಆದ್ರೆ ಮೂರೂವರೆ ಕೋಟಿಗೂ ಹೆಚ್ಚು ಜನ ಸತ್ತೇ ಹೋದರು ಅಂತಲ್ಲ. ಎಷ್ಟೋ ಜನ ಊರು ಬಿಟ್ಟಿದ್ದರು, ಎಷ್ಟೋ ಜನ ಜಮೀನ್ದಾರರ ಹತ್ತಿರ ಗೇಣಿ ಆಳುಗಳಾಗಿ ಲೆಕ್ಕದಿಂದ ಮರೆಯಾಗಿದ್ದರು. ಹೊರಗಿನಿಂದ ಬಂದ ಅಧಿಕಾರಿ ಕೆಲಸ ಮಾಡಿಸಬೇಕಾಗಿದ್ದು ಊರಿನ ಗುಮಾಸ್ತರ ಕೈಲಿ. ನಮ್ಮ ಕಡೆಯ ಶಾನುಭೋಗರನ್ನು ನೆನಪಿಸಿಕೊಳ್ಳಿ. ಪುಸ್ತಕ ಅವರ ಕೈಲಿ, ಅವರ ನೆಂಟಸ್ತನ ಊರಿನ ದೊಡ್ಡ ಮನೆಗಳ ಜೊತೆ.

ಕ್ರಿ.ಶ. 39ರಲ್ಲಿ ಚಕ್ರವರ್ತಿ ಗುವಾಂಗ್‌ವು ಜಮೀನು ಹೊಸದಾಗಿ ಅಳೆಯಿರಿ ಅಂದರು. ಅಧಿಕಾರಿಗಳು ಬಡವರ ಮನೆ ಜಾಗವನ್ನೂ ಬಿಡದೆ ಅಳೆದರು, ದೊಡ್ಡವರ ಹೊಲದ ಕಡೆ ಕಣ್ಣು ಮುಚ್ಚಿದರು. ಒಂದು ವರದಿಯ ಜೊತೆ ಬಂದ ಚೀಟಿಯಲ್ಲಿ, ಹೆನಾನ್ ಮತ್ತು ನಾನ್‌ಯಾಂಗ್ ಬಗ್ಗೆ ಕೇಳೋ ಹಾಗಿಲ್ಲ ಅನ್ನೋ ಅರ್ಥದ ಮಾತಿತ್ತು. ಚಕ್ರವರ್ತಿಗೆ ತಲೆಬುಡ ತಿಳೀಲಿಲ್ಲ. ಬಿಡಿಸಿ ಹೇಳಿದ್ದು ಹನ್ನೆರಡು ವರ್ಷದ ಮಗ. ಹೆನಾನ್ ರಾಜಧಾನಿ ಇರೋ ಜಾಗ, ಅಲ್ಲಿ ನಿಮ್ಮ ಮಂತ್ರಿಗಳು; ನಾನ್‌ಯಾಂಗ್ ನಿಮ್ಮ ಊರು, ಅಲ್ಲಿ ನಿಮ್ಮ ನೆಂಟರು. ಅವರ ಜಮೀನು ಯಾರು ಅಳೀತಾರೆ? ಸುಳ್ಳು ಲೆಕ್ಕ ಕೊಟ್ಟಿದ್ದಕ್ಕೆ ಹತ್ತಕ್ಕೂ ಹೆಚ್ಚು ಜಿಲ್ಲಾಧಿಕಾರಿಗಳ ತಲೆದಂಡ ಆಯಿತು. ಆಮೇಲೂ ದೊಡ್ಡ ಮನೆತನಗಳು ಬೆಳೆಯುತ್ತಲೇ ಹೋದವು.

ರೋಮಿನಲ್ಲೂ ಕೊನೆಗೆ ಇದೇ ಆಯಿತು. ನಗರಸಭೆ ಸ್ಥಾನ ಹೊರೆಯಾದಾಗ ಪ್ರಭಾವ ಇದ್ದವರು ವಿನಾಯಿತಿ ಪಡೆದು ಜಾರಿಕೊಂಡರು, ಇಲ್ಲದವರು ಸಿಕ್ಕಿಬಿದ್ದರು. 332ರಲ್ಲಿ ಕಾನ್‌ಸ್ಟಂಟೈನ್, ಓಡಿಹೋದ ಗೇಣಿದಾರರನ್ನು ಹಿಡಿದು ವಾಪಸ್ ಕಳಿಸಿ ಅಂತ ಕಾನೂನು ಮಾಡಿದರು. ಐದನೇ ಶತಮಾನದಲ್ಲಿ ತೆರಿಗೆ ಕಟ್ಟಲಾಗದ ಸಣ್ಣ ರೈತರು ರಕ್ಷಣೆಗಾಗಿ ಹೊಲವನ್ನೇ ಶ್ರೀಮಂತರಿಗೆ ಒಪ್ಪಿಸುತ್ತಿದ್ದರು.

ಒಬ್ಬರು ಊರ ದೊಡ್ಡವರನ್ನು ನಂಬಿ ಆಳಿದರು, ಇನ್ನೊಬ್ಬರು ಅವರನ್ನು ಕಾಯೋಕೆ ಸಂಬಳದ ಸೈನ್ಯವನ್ನೇ ಕಟ್ಟಿದರು. ಎರಡೂ ಕಡೆ ಬಲ ಇದ್ದವರು ಲೆಕ್ಕದಿಂದ ಹೊರಗೆ ಹೋದರು, ಅವರ ಪಾಲಿನ ಭಾರ ಪಟ್ಟಿಯಲ್ಲಿ ಉಳಿದವರ ತಲೆ ಮೇಲೆ ಬಿತ್ತು. ಅದನ್ನು ತಡೆಯಲಾರದೆ ಆ ಉಳಿದವರೂ ಓಡಿದರು. ಸಾಮ್ರಾಜ್ಯಗಳು ಯಾಕೆ ಬಿದ್ದವು ಅಂತ ಓದುವಾಗ ಹೊರಗಿನ ದಾಳಿಯ ಅಧ್ಯಾಯ ಓದಿ, ಜೊತೆಗೆ ತೆರಿಗೆಯ ಅಧ್ಯಾಯವನ್ನೂ ಬಿಡದೆ ಓದಿ ಅನ್ನೋದು ನನ್ನ ಕೋರಿಕೆ. ಇವತ್ತಿಗೆ ಇಷ್ಟು. ಮತ್ತೆ ಸಿಗೋಣ.